ಒಲೆ ಇಲ್ಲದ ಕೋಣೆ

ನನ್ನ ಜಗಳಗಂಟಿ ಮಗಳಿಗೆ,

ನನ್ನ ಓದಿಗೆಂದು ನೀನು ಗೊತ್ತುಮಾಡಿದ್ದ ಬಾಡಿಗೆ ಕೋಣೆ ನೋಡಿದೆ. ಗಾಳಿ, ಬೆಳಕು ಚೆನ್ನಾಗಿದೆ. ಆದರೆ ಮನೆಯೊಡತಿ ಅಡುಗೆಮನೆಯನ್ನೇ ಅರ್ಧ ಗಂಟೆ ಹೊಗಳಿದರು. ಮೆಲ್ಲಗೆ ಅಲ್ಲಿಂದ ಜಾಗ ಖಾಲಿ ಮಾಡಿದೆ.

ಅಲ್ಲಿಂದ ವಿಶ್ವವಿದ್ಯಾಲಯದ ಹಾಸ್ಟೆಲ್ ನೋಡಲು ಹೋದೆ. ಅಲ್ಲಿ ಕೊಠಡಿಯ ಬಾಗಿಲ ಹಿಂದೆ ಒಂದು ಚೀಟಿ ಅಂಟಿಸಿದ್ದಾರೆ: "ಕೊಠಡಿಯಲ್ಲಿ ಅಡುಗೆ ಮಾಡುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ." ಮೂರು ಸಲ ಓದಿದೆ. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಇಂಥ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಒಂದು ಮೇಜು, ಒಂದು ದೀಪ, ಪುಸ್ತಕಕ್ಕೆಂದೇ ಒಂದು ಗೂಡು. ಹಿಟ್ಟಿನ ಡಬ್ಬದ ಮೇಲೆ ಪುಸ್ತಕ ಇಟ್ಟುಕೊಂಡು ಓದಿದವಳು ನಾನು. ಆ ಮೇಜಿನ ಮೇಲೆ ಕೈಯೂರಲು ಸಂಕೋಚವಾಯಿತು.

ಗಂಟೆ ಹೊಡೆದರೆ ಊಟ ಸಿದ್ಧವಂತೆ! ನೋಡಲು ಹೋದವಳನ್ನೂ ಕೂರಿಸಿ ಬಡಿಸಿದರು. ಉಂಡು, ಎಲ್ಲರ ತಟ್ಟೆ ಒಟ್ಟುಮಾಡಲು ಎದ್ದೆ. "ಕೂತ್ಕೊಳ್ಳಿ ಅಮ್ಮಾ, ನೀವು ಓದೋಕೆ ಬಂದಿರೋದು" ಎಂದರು ಬಡಿಸುವಾಕೆ. ಕೂತೇಬಿಟ್ಟೆ.

ನನಗೆ ಹಾಸ್ಟೆಲ್ಲೇ ಸಾಕು. ಜೊತೆಗಿಟ್ಟ ಅರ್ಜಿಗೆ ಪೋಷಕರ ಸಹಿ ಬೇಕಂತೆ. ನಿನ್ನ ವಯಸ್ಸಿನ ವಾರ್ಡನ್, "ರೂಲ್ಸ್ ಅಂದ್ರೆ ರೂಲ್ಸ್ ಆಂಟಿ, ಮನೇಲಿ ಯಾರಾದ್ರೂ ಹಾಕ್ಲಿ" ಅಂದಳು. ನಿಮ್ಮಪ್ಪನಿಗೆ ಕೊಟ್ಟರೆ "ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ" ಎಂದು ರಾಗ ಎಳೆಯುತ್ತಾರೆ. ನೀನೇ ಹಾಕು. ನಿನ್ನ ಅಂಕಪಟ್ಟಿಗೆಲ್ಲ ನಾನು ಬೈದುಕೊಂಡೇ ಸಹಿ ಹಾಕುತ್ತಿದ್ದೆ. ಆ ಸೇಡನ್ನು ಈಗ ತೀರಿಸಿಕೊಳ್ಳಬೇಡ.

ಇನ್ನೊಂದು. ಫೋನ್ ಮಾಡಿದಾಗ "ಏನಡುಗೆ ಇವತ್ತು?" ಎನ್ನಬೇಡ. ಏನು ಓದಿದೆ ಎಂದು ಕೇಳು.

ನಿನ್ನ ಅಮ್ಮ,
ಮೊದಲ ವರ್ಷ, ಕೊಠಡಿ ಹದಿನಾಲ್ಕು,
ನಿನ್ನ ಸಹಿ ಬಿದ್ದರೆ.