ಬಿಳಿ ರಟ್ಟಿಗೆ ತಾಗಿದ ಗುಂಡು

ಅಪ್ಪಾ,

ನಿಮ್ಮ ಮಗಳು ವಿದ್ಯಾ, ಗ್ಲೆನ್ ವೇವರ್ಲಿಯ ಮನೆಯಿಂದ. ಈ ಸುದ್ದಿಯನ್ನು ನಿಮಗೆ ನಿಂತ ಕಾಲಲ್ಲಿ ಹೇಳುವ ಹಾಗಿಲ್ಲ. ಸ್ವಲ್ಪ ಕೂತುಕೊಳ್ಳಿ.

ಒಂದು ದೀಪಾವಳಿಗೆ ತಮ್ಮ ಮಂಜು ಕೇಪು ಹೊಡೆಯುವ ಪಿಸ್ತೂಲು ತಂದಿದ್ದ. ಪೊಲೀಸ್ ಕ್ವಾರ್ಟರ್ಸ್‌ನ ಎಲ್ಲ ಮನೆಗಳ ಮುಂದೆಯೂ ಟಪ್ ಟಪ್ ಸದ್ದು. ನೀವು ಬಾಗಿಲಲ್ಲೇ ನಿಂತು, "ಅದನ್ನ ಒಳಗ ತರಬ್ಯಾಡಪಾ," ಎಂದಿರಿ. ಬೈಯಲಿಲ್ಲ, ಕಸಿದುಕೊಳ್ಳಲೂ ಇಲ್ಲ. ಯಾಕೆಂದು ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಗೊತ್ತಿತ್ತಲ್ಲ. ಅದರ ಹಿಂದಿನ ವರ್ಷ ಪೇಟೆಯಲ್ಲಿ ಗಲಾಟೆಯಾಗಿ, ಮೇಲಿನವರ ಆದೇಶದಂತೆ ನೀವು ಹಾರಿಸಿದ ಗುಂಡು ಕಲ್ಲು ತೂರುತ್ತಿದ್ದವರಿಗೆ ತಾಗಲಿಲ್ಲ. ಅಂಗಡಿಯ ಶಟರ್ ಎಳೆಯುತ್ತಿದ್ದ ಬಳೆಗಾರನಿಗೆ ತಾಗಿತು. ಅವನು ಉಳಿಯಲಿಲ್ಲ. ನಿಮ್ಮದು ತಪ್ಪಿಲ್ಲ ಎಂದು ವಿಚಾರಣೆ ಮುಗಿಯಿತು. ನೀವು ಮಾತ್ರ ವೈರ್‌ಲೆಸ್ ವಿಭಾಗಕ್ಕೆ ವರ್ಗ ಮಾಡಿಸಿಕೊಂಡು, ರಿಟೈರ್ ಆಗುವವರೆಗೆ ಬಂದೂಕಿನ ಕಡೆ ತಿರುಗಿ ನೋಡಲಿಲ್ಲ. ಅಂಥ ಮನೆಯ ಮಗಳು ನಾನು. ನಾನು ಪಿಸ್ತೂಲು ಹಿಡಿದಿದ್ದೇನೆ ಅಪ್ಪಾ.

ನೀವು ಹೋದ ಮರುವರ್ಷ, ಆಫೀಸಿನಲ್ಲಿ ಲತಾ ನನ್ನ ಎದುರು ಊಟದ ಡಬ್ಬಿ ತೆರೆದು ಕೂತಳು. ಮೈಸೂರಿನವಳು, ಭಾನುವಾರವಾದರೆ ಡ್ಯಾಂಡಿನಾಂಗ್ ದಾಟಿ ಒಂದು ಪಿಸ್ತೂಲ್ ಕ್ಲಬ್ಬಿಗೆ ಹೋಗುತ್ತಾಳೆ. "ವಿದ್ಯಾ, ಮನೇಲಿ ಕೂತ್ಕೊಂಡು ಎಷ್ಟೂಂತ ಅಳ್ತೀರಾ? ಹೊಸಬರಿಗೆ ಟ್ರೈ ಮಾಡೋಕೆ ಬಿಡ್ತಾರೆ. ಬುಕ್ ಮಾಡ್ಲಾ? ಇಷ್ಟ ಆಗ್ಲಿಲ್ಲಾಂದ್ರೆ ಬಿಟ್ಬಿಡಿ," ಎಂದಳು. ಬೇಡ ಎನ್ನಬೇಕಿತ್ತು. ಪೇಟೆಯಲ್ಲಿ ಆ ದಿನ ನಿಮ್ಮ ಕೈಗೆ ಏನನ್ನಿಸಿರಬಹುದು ಎಂದು ತಿಳಿಯಲು ಹೋಗುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡು ಹೋದೆ. ಅರ್ಧ ನಿಜ. ಉಳಿದ ಅರ್ಧ, ಮೊದಲ ಗುಂಡು ಹಾರಿದ ಮೇಲೆ ತಿಳಿಯಿತು.

ಗ್ರೆಗ್ ಎಂಬ ವಯಸ್ಸಾದವರು ನನ್ನ ಪಕ್ಕ ನಿಂತು, ಕಾಲು ಎಲ್ಲಿಡಬೇಕು, ಬೆರಳು ಎಲ್ಲಿಡಬಾರದು ಎಂದು ತಾಳ್ಮೆಯಿಂದ ಹೇಳಿಕೊಟ್ಟರು. ಪಿಸ್ತೂಲು ಅಂಗೈಯಲ್ಲಿ ಒದೆಯಿತು. ಎದುರಿನ ರಟ್ಟಿನ ನಡುವೆ ಸಣ್ಣ ತೂತು ಕಂಡಿತು. ನಕ್ಕುಬಿಟ್ಟೆ. ನಿಮ್ಮನ್ನು ಸುಟ್ಟು ವರ್ಷವಾಗಿತ್ತು, ಅಷ್ಟು ದಿನದಲ್ಲಿ ನಾನು ಮನಸ್ಸು ಬಿಚ್ಚಿ ನಕ್ಕದ್ದು ಅದೇ ಮೊದಲು. ಬೇರೆ ಯಾವುದಕ್ಕಾದರೂ ನಕ್ಕಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ. ಹೂವಿನ ಕುಂಡ, ಈಜು, ಯಾವುದೂ ಆಗಬಹುದಿತ್ತು. ಇದೇ ಯಾಕೆ ಆಗಬೇಕಿತ್ತು?

ಸಿಡ್ನಿಯಲ್ಲಿರುವ ಮಂಜುಗೆ ಫೋನ್ ಮಾಡಿ ಹೇಳಿದೆ. ಅಷ್ಟೊತ್ತಿಗೆ ಪೊಲೀಸ್ ಚೆಕ್ ಆಗಿತ್ತು, ಕ್ಲಬ್ಬಿನ ಪ್ರೊಬೇಷನ್ ಮುಗಿದಿತ್ತು, ಲೈಸೆನ್ಸ್ ಕೈಗೆ ಬಂದಿತ್ತು. ಅವನು ನಾರ್ತ್ ಸಿಡ್ನಿಯ ಆಫೀಸಿನಿಂದ ಇಳಿದು ಸ್ಟೇಷನ್ನಿಗೆ ನಡೆಯುತ್ತಿದ್ದ. ಸ್ಟೇಷನ್ನಿನ ಹೊರಗೇ ನಿಂತು ಕೇಳಿದ.

"ಅಕ್ಕಾ, ಅಪ್ಪ ಇದ್ದಿದ್ರ ಅವರಿಗೆ ಹೇಳಿ ಹೋಗ್ತಿದ್ದಿ ಏನು?"

"ಇಲ್ಲ."

"ಮತ್ತ?"

ಅವನಿಗೆ ಸಿಟ್ಟು ಬಂದಿದ್ದರೆ ಜಗಳವಾಡಬಹುದಿತ್ತು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

ಆದರೂ ನಾನು ಕ್ಲಬ್ಬು ಬಿಡಲಿಲ್ಲ. ಲತಾ ಆಡುವುದು ಪ್ರ್ಯಾಕ್ಟಿಕಲ್ ಶೂಟಿಂಗ್. ಅದರಲ್ಲಿ ನಿಂತಲ್ಲೇ ನಿಂತು ಗುರಿಯಿಡುವುದಿಲ್ಲ. ಟೈಮರ್ ಬೀಪ್ ಎಂದ ಕೂಡಲೇ ಸೊಂಟದಿಂದ ಪಿಸ್ತೂಲು ತೆಗೆದು, ಮರದ ಅಡ್ಡಗೋಡೆಗಳ ನಡುವೆ ಓಡುತ್ತ, ಅಲ್ಲಲ್ಲಿ ನಿಲ್ಲಿಸಿದ ಕಂದು ರಟ್ಟುಗಳಿಗೆ ಹೊಡೆಯಬೇಕು. ವೇಗವೂ ಬೇಕು, ಗುರಿಯೂ ಬೇಕು. ಗ್ರೆಗ್ ರೇಂಜ್ ಆಫೀಸರ್. ಶೂಟರ್‌ನ ಬೆನ್ನಿಗೇ ನಡೆಯುತ್ತಾರೆ. ನಳಿಕೆ ತಪ್ಪು ಕಡೆ ತಿರುಗಿದರೆ "ಸ್ಟಾಪ್" ಎನ್ನುತ್ತಾರೆ, ಎಂದ ಮೇಲೆ ಎಂಥವನೂ ನಿಲ್ಲಬೇಕು. ಸುರಕ್ಷತೆಯ ಕೋರ್ಸು ಮುಗಿಸಿ ನಾನು ಮೊದಲ ಮ್ಯಾಚಿಗೆ ನಿಂತೆ. ಚೆನ್ನಾಗಿಯೇ ಓಡಿದೆ. ಮುಗಿಸಿ ತಿರುಗಿದಾಗ ಲತಾ ಹೆಬ್ಬೆರಳು ಎತ್ತಿ ತೋರಿಸಿದಳು.

ಅಂಕ ಎಣಿಸಲು ಎಲ್ಲರೂ ರಟ್ಟುಗಳ ಹತ್ತಿರ ಹೋದೆವು. ಕೊನೆಯ ಕಂದು ರಟ್ಟಿನ ಮುಂದೆ, ಅದರ ಅರ್ಧ ಮುಚ್ಚುವ ಹಾಗೆ, ಒಂದು ಬಿಳಿ ರಟ್ಟು ಇತ್ತು. ಅದನ್ನು ನೋ-ಶೂಟ್ ಎನ್ನುತ್ತಾರೆ. ಅದು ಅಲ್ಲಿ ಸುಮ್ಮನೆ ನಿಂತವನ ಲೆಕ್ಕ, ಅವನಿಗೆ ತಾಗಬಾರದು. ಅದರ ಎದೆಯ ಮೇಲೆ ನನ್ನ ಗುಂಡಿನ ತೂತು. "ಒಂದು ನೋ-ಶೂಟ್," ಎಂದು ಗ್ರೆಗ್ ಅಂಕ ಕಳೆದರು. ಯಾರೋ ತೂತಿನ ಮೇಲೆ ಬಿಳಿ ಟೇಪಿನ ಚೂರು ಅಂಟಿಸಿದರು. ಮುಂದಿನ ಶೂಟರ್ ತಯಾರಾದ.

ನಾನು ಕಾರಿನಲ್ಲಿ ಹೋಗಿ ಕೂತೆ. ಎಷ್ಟು ಸುಲಭವಾಗಿ ತಾಗಿತ್ತು ಅಪ್ಪಾ. ನಾನು ಅದನ್ನು ನೋಡಿದ್ದೆ, ಅದು ಅಲ್ಲಿದೆ ಎಂದು ಗೊತ್ತಿತ್ತು. ಯಾರೂ ನನ್ನತ್ತ ಕಲ್ಲು ಎಸೆಯುತ್ತಿರಲಿಲ್ಲ. ಆದರೂ...

ಗ್ರೆಗ್ ಹುಡುಕಿಕೊಂಡು ಬಂದು ಕಾರಿನ ಕಿಟಕಿ ತಟ್ಟಿದರು. ಬೇರೆ ಯಾರಿಗೂ ಹೇಳದ್ದನ್ನು ಅವರಿಗೆ ಹೇಳಿಬಿಟ್ಟೆ, ನನ್ನ ಇಂಗ್ಲಿಷಿನಲ್ಲಿ, ತಡವರಿಸುತ್ತ. ಬಳೆಗಾರನ ವಿಷಯವನ್ನೂ ಹೇಳಿದೆ. ಅವರು ಸಮಾಧಾನ ಮಾಡಲು ಬರಲಿಲ್ಲ. ಕೊನೆಗೆ ಒಂದೇ ಮಾತು ಕೇಳಿದರು: "ಆವತ್ತು ನಿಮ್ಮ ಅಪ್ಪನ ಬೆನ್ನ ಹಿಂದೆ ಯಾರು ನಿಂತಿದ್ದರು?"

ಹಾರಿಸು ಎಂದವರು ನಿಂತಿದ್ದರು. ನಿಲ್ಲಿಸು ಎನ್ನುವವರು ಇರಲಿಲ್ಲ. ಅಲ್ಲವೇ?

ಕೆಲವು ತಿಂಗಳು ಆ ಕಡೆ ಹೋಗಲಿಲ್ಲ. ಕೊಂಡಿದ್ದ ಪಿಸ್ತೂಲು ಮಾರಿಬಿಡೋಣ ಎಂದೂ ಅನ್ನಿಸಿತು. ಆಮೇಲೆ ಮತ್ತೆ ಹೋದೆ, ಹೋಗಿ ರೇಂಜ್ ಆಫೀಸರ್ ತರಬೇತಿಗೆ ಹೆಸರು ಕೊಟ್ಟೆ. ನೀವು ಕೇಳದ ಸುದ್ದಿ ಇದು. ಈಗ ಬೇರೆಯವರ ಬೆನ್ನ ಹಿಂದೆ ನಾನು ನಡೆಯುತ್ತೇನೆ.

ಹೋದ ಭಾನುವಾರ ತುವಾನ್ ಎಂಬವರ ಮೊದಲ ಮ್ಯಾಚು. ಬೇಕರಿ ನಡೆಸುತ್ತಾರೆ, ಬಹಳ ಮೆದು ಮನುಷ್ಯ. ಅಡ್ಡಗೋಡೆ ದಾಟುವಾಗ ಕಾಲು ಜಾರಿತು, ಪಿಸ್ತೂಲಿನ ನಳಿಕೆ ಜನ ನಿಂತ ಕಡೆ ಹೊರಳತೊಡಗಿತು. ನನ್ನ ಗಂಟಲಿನಿಂದ ಬಂದ "ಸ್ಟಾಪ್" ನನಗೇ ಅಪರಿಚಿತವಾಗಿತ್ತು. ಅವರು ಕಲ್ಲಾದರು. ಪಿಸ್ತೂಲು ಖಾಲಿ ಮಾಡಿಸಿದೆ. ನಿಯಮದಂತೆ ಅವರು ಆ ದಿನದ ಆಟದಿಂದ ಹೊರಗೆ. ಶೆಡ್ಡಿನ ಬೆಂಚಿನ ಮೇಲೆ ಕೈಗಳನ್ನು ಮೊಣಕಾಲ ನಡುವೆ ಒತ್ತಿಕೊಂಡು ಕೂತರು. ನಾನು ಟೈಮರನ್ನು ಲತಾಗೆ ಕೊಟ್ಟು, ಹೋಗಿ ಅವರ ಪಕ್ಕ ಕೂತೆ.

"ಯಾರಿಗಾದರೂ ತಾಗುತ್ತಿತ್ತಾ?" ಎಂದು ಕೇಳಿದರು.

"ತಾಗಬಹುದಿತ್ತು. ತಾಗಲಿಲ್ಲ," ಎಂದೆ.

ಅವರು ಎದ್ದು ತಮ್ಮ ಬ್ಯಾಗು ತೆಗೆದುಕೊಳ್ಳುವವರೆಗೆ ಅಲ್ಲೇ ಇದ್ದೆ. ಪೇಟೆಯಲ್ಲಿ ಗಲಾಟೆಯಾದ ಆ ಸಂಜೆ ನೀವು ಮನೆಗೆ ಬಂದಾಗ ಅವ್ವ ಚಹಾ ಇಟ್ಟು ಒಳಗೆ ಹೋದಳು, ನೆರೆಯವರು ಬಾಗಿಲು ಮುಂದೆ ಮಾಡಿಕೊಂಡರು. ನಿಮ್ಮ ಪಕ್ಕ ಯಾರೂ ಕೂರಲಿಲ್ಲ. ಮಕ್ಕಳಾದ ನಮಗೆ ಕೂರಬೇಕೆಂದು ತಿಳಿಯಲಿಲ್ಲ. ತಿಳಿಯುವ ವಯಸ್ಸಿಗೆ ನಾವು ದೂರ ಬಂದಿದ್ದೆವು.

ಮುಂದಿನ ಮ್ಯಾಚಿಗೆ ತುವಾನ್ ಮತ್ತೆ ಬರುತ್ತಾರಂತೆ. ಅವರ ಬೆನ್ನ ಹಿಂದೆ ನಾನೇ ನಡೆಯುತ್ತೇನೆ. ಅವರ ಸರದಿ ಮುಗಿದ ಮೇಲೆ ನನ್ನ ಸರದಿಯೂ ಬರುತ್ತದೆ. ಆಗ ನನಗೆ ಖುಷಿಯಾಗುತ್ತದೆ ಅಪ್ಪಾ, ಈಗಲೂ ಆಗುತ್ತದೆ. ಇಷ್ಟೆಲ್ಲ ಬರೆದು ಅದೊಂದನ್ನು ನಿಮ್ಮಿಂದ ಮುಚ್ಚಿಡಲು ನನ್ನಿಂದಾಗದು.

ನಿಮ್ಮ
ವಿದ್ಯಾ