ಅತ್ತೆಗೆ ನೋಡುವ ಅನುಮತಿ ಮಾತ್ರ

ಭಾನುವಾರ, ಜನವರಿ 18

ಉಕ್ಕಡಗಾತ್ರಿಗೆ ಹೋಗಿದ್ದಾಗ ತೆಗೆದ ಫೋಟೋಗಳಲ್ಲಿ ಇವತ್ತು ಮತ್ತೆ ಹನ್ನೊಂದು ಮಾಯ. ತಾವು ಕಣ್ಣು ಮುಚ್ಚಿರುವ ಫೋಟೋಗಳನ್ನೆಲ್ಲ ಅತ್ತೆ ಕೆಳಗಿನ ಕಂಪ್ಯೂಟರಿನಿಂದ ಅಳಿಸಿದ್ದಾರೆ. ನನ್ನ ಮಗಳ ನಗುವೂ ಅವುಗಳಲ್ಲೇ ಇತ್ತು! ತಪ್ಪು ನನ್ನದೇ, ಮನೆಯ ನೆಟ್‌ವರ್ಕಿನಲ್ಲಿ ಆ ಫೋಟೋಗಳ ಫೋಲ್ಡರನ್ನು ಎಲ್ಲರಿಗೂ ಪೂರ್ತಿ ತೆರೆದಿಟ್ಟವಳು ನಾನು. ಬ್ಯಾಕಪ್‌ನಿಂದ ಫೋಟೋ ವಾಪಸ್ ತಂದು, ಅತ್ತೆಯ ಹೆಸರಿಗೆ ನೋಡುವ ಅನುಮತಿಯನ್ನಷ್ಟೇ ಕೊಟ್ಟೆ. ಹೇಳಲು ಸಂಜೆಯವರೆಗೂ ಅಳುಕು.

"ಇನ್ಮ್ಯಾಲೆ ಫೋಟೋ ನೋಡಬೋದು ಅತ್ತೆ, ಅಳಿಸಾಕೆ ಬರಲ್ರಿ."

"ಆಗ್ಲಿ ಬಿಡವ್ವ," ಎಂದರು, ಅಷ್ಟೇ.

ನಮ್ಮ ಮನೆಯ ಉಪ್ಪಿನಕಾಯಿ ಭರಣಿಗೆ ಅತ್ತೆಯದಲ್ಲದೆ ಬೇರೆ ಕೈ ಇಳಿಯುವಂತಿಲ್ಲ. ರಾತ್ರಿ ಊಟಕ್ಕೆ ಕೂತಾಗ ಮರೆತು ಚಮಚ ಹಿಡಿದೆ. ಅತ್ತೆ ಭರಣಿಯನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು.

"ವಾಣಿ, ನೋಡಾಕೆ ಅಡ್ಡಿಯಿಲ್ಲ. ಮುಟ್ಟಾಕೆ ನಿಂಗೆ ಪರ್ಮಿಷನ್ ಇಲ್ಲ."

ಬರೆಯುತ್ತಿದ್ದರೂ ನಗು ನಿಲ್ಲುತ್ತಿಲ್ಲ, ಅಕ್ಷರವೆಲ್ಲ ಸೊಟ್ಟ...