ಉಳಿವೆಣ್ಣೆ

ಮೇಲ್ಬೀಡು, ಹಿಮನಾಡು
ಕ್ರಿಸ್ತಶಕ ೨೧೯೧, ಮಾಘ

ನಮಗಿಂತ ಮೊದಲು ಬಾಳಿದವರಿಗೆ ತುಳಸಿಯ ನಮಸ್ಕಾರ.

ಈ ತಾರೀಖು ನಿಮಗೆ ತಮಾಷೆಯಾಗಿ ಕಂಡೀತು, ನನ್ನ ಕೆಲವು ಮಾತುಗಳು ಒರಟಾಗಿ ಕೇಳಿಸಿಯಾವು. ಮನ್ನಿಸಿ. ಕಡಲು ಅಂಕೋಲೆಯ ಬಯಲುಗಳನ್ನು ನುಂಗಿದ ಮೇಲೆ ನಮ್ಮ ಹಿರಿಯರು ವ್ಯಾನುಗಳಲ್ಲಿ ಸಂಸಾರ ಹೇರಿಕೊಂಡು ಬಡಗಣ ಬೆಟ್ಟಗಳಿಗೆ ಬಂದರು. ಆ ವ್ಯಾನುಗಳನ್ನೇ ನಾವು ಬಂಡಿಮನೆ ಎನ್ನುತ್ತೇವೆ. ಹತ್ತಾರು ಬಂಡಿಮನೆಗಳು ಒಟ್ಟಿಗೆ ನಿಂತರೆ ಅದು ಬೀಡು. ಅಡುಗೆ, ಹೆರಿಗೆ, ಸಾವು ಎಲ್ಲವೂ ಬಂಡಿಯೊಳಗೇ. ಹೊರಗೆ ಒಣಹಾಕಿದ ಬಟ್ಟೆ ಹಲಗೆಯಂತೆ ಸೆಟೆದು ನಿಲ್ಲುತ್ತದೆ.

ಒಳಗೆ ನಮ್ಮನ್ನು ಉಳಿಸುವುದು ಸೀಟಿನ ಕೆಳಗಿನ ಡೀಸೆಲ್ ಹೀಟರು. ಪಾಚಿಯಿಂದ ತೆಗೆದ ಎಣ್ಣೆಯಾದರೂ ಅದಕ್ಕೆ ಡೀಸೆಲ್ ಎಂಬ ನಿಮ್ಮ ಹೆಸರೇ ಉಳಿದಿದೆ. ಇಂಜಿನ್ನಿಗೂ ಹೀಟರಿಗೂ ಒಂದೇ ಟ್ಯಾಂಕು. ಪುಟ್ಟ ಪಂಪು ಟಕ್ ಟಕ್ ಎನ್ನುತ್ತ ಸಣ್ಣ ಕೊಳವೆಯಿಂದ ಎಣ್ಣೆ ಹೀರುತ್ತದೆ. ಆ ಕೊಳವೆ ಟ್ಯಾಂಕಿನ ತಳ ಮುಟ್ಟುವುದಿಲ್ಲ. ಅದಕ್ಕೆ ಎಟುಕದೆ ತಳದಲ್ಲಿ ನಿಲ್ಲುವುದು ಉಳಿವೆಣ್ಣೆ, ಬಂಡಿ ಓಡಿಸಲೆಂದೇ ಬಿಟ್ಟದ್ದು.

ಕಳೆದ ಚಳಿಗಾಲ ದಾರಿ ಕುಸಿದು, ಕೆಳಗಿನಿಂದ ಬರುವ ಎಣ್ಣೆಲಾರಿ ಬರಲಿಲ್ಲ. ಒಂದೊಂದಾಗಿ ಬೀಡಿನ ಹೀಟರುಗಳು ಬಿಕ್ಕಳಿಸಿ ಆರಿದವು. ನನ್ನ ಅಣ್ಣ ಬೊಮ್ಮಯ್ಯನಿಗೆ ಆಗ ತಾನೇ ಮಗಳು ಹುಟ್ಟಿದ್ದಳು. ಅವನು ಬಂಡಿಯ ಅಡಿಗೆ ತೂರಿ ಟ್ಯಾಂಕು ಬಿಚ್ಚತೊಡಗಿದ.

"ಅಣ್ಣಾ, ಉಳಿವೆಣ್ಣೆ ಮುಟ್ಬೇಡ. ನಾಳೆ ಹಿಮಕೆರೆ ಒಡ್ದು ಓಡ್ಬೇಕಾಗಿ ಬಂದ್ರೆ ಎಂತಾ ಮಾಡ್ತೆ?" ಎಂದೆ.

"ನಾಳೆ ಓಡೂಕೆ ಇವತ್ತು ಜೀವ ಇರ್ಬೇಕಲೇ, ತುಳಸಿ. ಕೂಸಿನ ತುಟಿ ನೋಡು ಹೋಗು."

ನೋಡಿದೆ. ನೀಲಿಗಟ್ಟಿತ್ತು. ಸ್ಪ್ಯಾನರನ್ನು ನಾನೇ ಅವನ ಕೈಗೆ ಕೊಟ್ಟೆ.

ಅಣ್ಣ ಕೊಳವೆಗೆ ಇನ್ನೊಂದು ತುಂಡು ಜೋಡಿಸಿ ತಳಕ್ಕೆ ಇಳಿಬಿಟ್ಟ. ಪಂಪು ಮತ್ತೆ ಟಕ್ ಟಕ್ ಎಂದಿತು. ಸಂಜೆಯೊಳಗೆ ಕೂಸು ಕೈಕಾಲು ಆಡಿಸಿ ಹಾಲಿಗೆ ಅತ್ತಿತು. ಆ ಅಳು ಕೇಳಿದ ಅಕ್ಕಪಕ್ಕದವರೆಲ್ಲ ಬಂದರು. "ನಮ್ದೂ ಒಂಚೂರು ಮಾಡ್ಕೊಡಾ, ಬೊಮ್ಮಣ್ಣ" ಎಂದವರಲ್ಲಿ ಯಾರಿಗೂ ಅವನು ಇಲ್ಲವೆನ್ನಲಿಲ್ಲ. ನನ್ನ ಬಂಡಿಯೊಂದನ್ನು ಮಾತ್ರ ನಾನು ಮುಟ್ಟಗೊಡಲಿಲ್ಲ. ಅದನ್ನು ತಣ್ಣಗೆ ಬಿಟ್ಟು, ಅವನ ಬಂಡಿಯ ಬೆಚ್ಚನೆಯಲ್ಲೇ ಮಲಗಿದೆ. ಬೀಡು ನಗತೊಡಗಿತ್ತು. ನಾನು ಮಾತ್ರ ಆ ಟಕ್ ಟಕ್ ಕೇಳಿದಾಗಲೆಲ್ಲ ತಳದಲ್ಲಿ ಇನ್ನೆಷ್ಟು ಎಣ್ಣೆ ಉಳಿದೀತೆಂದು ಲೆಕ್ಕ ಹಾಕುತ್ತಿದ್ದೆ.

ಒಂದು ಮಧ್ಯಾಹ್ನ ಕಾವಲುಗುಡ್ಡದ ಕೊಂಬು ಕೂಗಿತು. ಬೆಟ್ಟದ ಮೇಲೆ ಹಿಮ ಕರಗಿ ನಿಂತಿದ್ದ ಹಿಮಕೆರೆ ಒಡೆದು ನೀರು ನುಗ್ಗಿ ಬರುತ್ತಿತ್ತು. ಎಲ್ಲರೂ ಸ್ಟಿಯರಿಂಗಿಗೆ ಹಾರಿ ಕೀಲಿ ತಿರುಗಿಸಿದರು. ಇಂಜಿನ್ನುಗಳು ಕೆಮ್ಮಿದವು, ಮತ್ತೆ ಕೆಮ್ಮಿದವು, ಸುಮ್ಮನಾದವು. ನನ್ನದೊಂದು ಮಾತ್ರ ಶುರುವಾಯಿತು.

ಹಿಡಿಸುವಷ್ಟು ಮಕ್ಕಳನ್ನೂ ಮುದುಕರನ್ನೂ ಒಳಗೆ ತುರುಕಿದೆವು. ಅತ್ತಿಗೆ ಹೊನ್ನಿ ಗಂಡನ ಅಂಗಿ ಹಿಡಿದು ಬಿಡಲೊಲ್ಲಳು. ಅವನು ಬೆರಳು ಬಿಡಿಸಿ ಕೂಸನ್ನು ಅವಳ ಕೈಗಿಟ್ಟ.

"ನೀ ಹೊರಡು, ತುಳಸಿ. ಉಳ್ದವ್ರನ್ನ ನಾ ಗುಡ್ಡ ಹತ್ತಸ್ತೆ."

ಕನ್ನಡಿಯಲ್ಲಿ ಕಂಡದ್ದು ಇಷ್ಟು: ಅವನು ಬಂಡಿಯಿಂದ ಬಂಡಿಗೆ ಓಡುತ್ತ ಬಾಗಿಲು ಬಡಿಯುತ್ತಿದ್ದ. ಹಲವರು ಗುಡ್ಡ ಹತ್ತಿ ಬದುಕಿದರು. ಅವನು ಹತ್ತಲಿಲ್ಲ. ನೀರಿಳಿದ ಮೇಲೆ ಬೀಡಿದ್ದಲ್ಲಿ ಬರೀ ಕೆಸರು, ಬಂಡೆ.

ನಿಮ್ಮನ್ನು ದೂರಲು ಇದನ್ನು ಬರೆಯುತ್ತಿಲ್ಲ. ನಿಮಗೂ ಚಳಿಯಿದ್ದೀತು, ನಿಮ್ಮ ತೊಡೆಯ ಮೇಲೂ ಕೂಸುಗಳಿದ್ದಾವು. ಆದರೆ ಹಿಂದಿನವರು ಕೈಗೆಟುಕದಂತೆ ಇಟ್ಟುಹೋದದ್ದು ಏನಾದರೂ ನಿಮ್ಮ ಬಳಿಯಿದ್ದರೆ, ಅದಕ್ಕೆ ಕೈ ಚಾಚುವ ದಿನ ತೀರಾ ಒಳ್ಳೆಯ ಕಾರಣವೊಂದು ಜೊತೆಗೇ ಬಂದಿರುತ್ತದೆ. ಆ ಕಾರಣಕ್ಕೇ ಹೆದರಿ.

ಉಳಿದ ನಾವು ಬಂದು ಸೇರಿಕೊಂಡ ಈ ಮೇಲ್ಬೀಡಿಗೆ ಈ ವರ್ಷವೂ ಲಾರಿ ತಡವಾಗಿದೆ. ನಿನ್ನೆ ಪಕ್ಕದ ಬಂಡಿಯ ಸುಗಂಧಿ ಕೊಳವೆಯ ತುಂಡು ಕೇಳಿಕೊಂಡು ಬಂದಳು. ಕೊಡದೆ, ಕೂರಿಸಿ ಇದೆಲ್ಲವನ್ನೂ ಹೇಳಿದೆ. ಕಣ್ಣೀರು ಒರೆಸಿಕೊಳ್ಳುತ್ತಲೇ ಕೇಳಿದಳು. ಕೊನೆಗೆ, "ಆ ಕೂಸು ಉಳೀತಲಾ, ತುಳಸಕ್ಕ?" ಎಂದಳು.

"ಉಳೀತು" ಎಂದೆ. ಸುಳ್ಳು ಹೇಳಲಾಗಲಿಲ್ಲ.

ಈಗ ಕಿಟಕಿಯಾಚೆ ಅವಳ ಗಂಡ ಬಂಡಿಯ ಅಡಿಯಲ್ಲಿ ಅಂಗಾತ ಮಲಗಿದ್ದಾನೆ. ಸ್ಪ್ಯಾನರಿನ ಸದ್ದು ಕೇಳುತ್ತಿದೆ. ನಾನು ಏಳಬೇಕು.